ಪರ್ಪಲೆಯ ಬುಡದಲ್ಲಿ ಒಂದಡಿಯ ಮೂರ್ತಿ

ಜನವರಿಯ ಕೊನೆಯ ವಾರ, ಬೆಳಗಿನ ಜಾವ. ಪಡುಬಿದ್ರಿ ಕಡೆಯಿಂದ ಬಂದ ಬಸ್ಸು ನಿಟ್ಟೆ ದಾಟಿ ದೂಪದಕಟ್ಟೆಯಲ್ಲಿ ನಿಲ್ಲುತ್ತದೆ. "ಅತ್ತೂರ್, ಅತ್ತೂರ್, ಜಪ್ಪುಲೆ" ಎಂದು ಕಂಡಕ್ಟರ್ ಬಾಗಿಲಿಗೆ ಬಡಿಯುತ್ತಿದ್ದಂತೆ ಅರ್ಧ ಬಸ್ಸು ಖಾಲಿಯಾಗುತ್ತದೆ. ನೀವೂ ಇಳಿಯುತ್ತೀರಿ. ಮೈಗೆ ತಾಗುವಷ್ಟು ಚಳಿ. ಜೊತೆಗೆ ಇಳಿದವರಲ್ಲಿ ಶಿರ್ವದ ಕಡೆಯ ಒಂದು ಕೊಂಕಣಿ ಸಂಸಾರವಿದೆ. ಅಜ್ಜಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಬೆರಳುಗಳ ನಡುವೆ ಜಪಸರದ ಮಣಿ ಸರಿಸುತ್ತಾ ನಡೆಯುತ್ತಾರೆ. ಅವರ ಹಿಂದೆ ಹಣೆಗೆ ಕುಂಕುಮವಿಟ್ಟ ತುಳು ಹೆಂಗಸೊಬ್ಬರು. ಕೈಯಲ್ಲಿ ಬಾಳೆಎಲೆಯ ಕಟ್ಟು, ಅದರೊಳಗೆ ಎರಡು ಚೆಂಡು ಶಂಕರಪುರ ಮಲ್ಲಿಗೆ. ಮಗಳಿಗೆ ಹೆರಿಗೆ ಸುಸೂತ್ರವಾದರೆ ಮಲ್ಲಿಗೆ ತಂದು ಒಪ್ಪಿಸುತ್ತೇನೆಂದು ಹರಕೆ ಹೇಳಿಕೊಂಡಿದ್ದರಂತೆ. ಮಗು ಈಗ ಆರು ತಿಂಗಳಿನದು, ಮಗಳ ಹೆಗಲ ಮೇಲೆ ಮಲಗಿದೆ.

ರಸ್ತೆಯ ಎರಡೂ ಬದಿಗೆ ಸಂತೆ ಇನ್ನೂ ಪೂರ್ತಿ ಎದ್ದಿಲ್ಲ. ಟಾರ್ಪಾಲಿನ ಕೆಳಗೆ ಮಿಠಾಯಿಯವನು ಒಲೆಗೆ ಬೆಂಕಿ ಮಾಡುತ್ತಿದ್ದಾನೆ. ಬಳೆಯಂಗಡಿಯ ಹುಡುಗ ಪೆಟ್ಟಿಗೆಗಳ ನಡುವೆ ಮುದುಡಿಕೊಂಡಿದ್ದಾನೆ. ಆಗಲೇ ವ್ಯಾಪಾರಕ್ಕೆ ಕೂತವರು ಮೇಣದಬತ್ತಿಯವರು ಮಾತ್ರ. ಬೆರಳುದ್ದದಿಂದ ಹಿಡಿದು ಮೊಣಕೈಯುದ್ದದವರೆಗಿನ ಬತ್ತಿಗಳನ್ನು ಹರವಿ, "ಅಕ್ಕ, ಬತ್ತಿ ಕೊಣೊಲೆ" ಎಂದು ಕರೆಯುತ್ತಾರೆ. ಹತ್ತು ಹೆಜ್ಜೆ ಹೋದರೆ ಭಿಕ್ಷೆಗೆ ಕೂತವರ ಸಾಲು. ಚಾಪೆ, ತಟ್ಟೆ, ಊರುಗೋಲು. ಅಜ್ಜಿ ಪ್ರತಿಯೊಬ್ಬರ ಮುಂದೆಯೂ ಬಗ್ಗಿ ನಾಣ್ಯ ಇಡುತ್ತಾರೆ. ಒಬ್ಬರನ್ನೂ ದಾಟಿ ಹೋಗುವುದಿಲ್ಲ.

ಹಾಗೆ ಮಾಡಲು ಕಾರಣವಿದೆ. ಕಾರ್ಕಳದ ಅತ್ತೂರು ಕ್ಷೇತ್ರದ ಸಂತ ಲಾರೆನ್ಸ್ ರೋಮಿನ ಇಗರ್ಜಿಯ ಡೀಕನ್ ಆಗಿದ್ದವನು. ದಾನದ ಹಣದ ಉಸ್ತುವಾರಿ ಅವನದಾಗಿತ್ತು. ಕ್ರಿ.ಶ. 258ರಲ್ಲಿ, ವಲೇರಿಯನ್ ಚಕ್ರವರ್ತಿಯ ಕಾಲದಲ್ಲಿ, ಇಗರ್ಜಿಯ ಸಂಪತ್ತನ್ನೆಲ್ಲ ತಂದೊಪ್ಪಿಸು ಎಂದು ಅಧಿಕಾರಿಗಳು ಅಪ್ಪಣೆ ಮಾಡಿದರು. ಅವನು ಊರಿನ ಬಡವರು, ಕುಂಟರು, ಕುರುಡರನ್ನೆಲ್ಲ ಕರೆತಂದು ನಿಲ್ಲಿಸಿ, ಇವರೇ ಆ ಸಂಪತ್ತು ಎಂದನಂತೆ. ಅದಕ್ಕೆ ಸಿಕ್ಕ ಶಿಕ್ಷೆ ಕಬ್ಬಿಣದ ಜಾಲರಿಯ ಮೇಲೆ, ಬೆಂಕಿಯಲ್ಲಿ ಸಾವು. ಜಗತ್ತಿನಲ್ಲಿ ಎಲ್ಲೇ ಅವನ ಮೂರ್ತಿ ಕಂಡರೂ ಕೈಯಲ್ಲೋ ಕಾಲ ಬಳಿಯಲ್ಲೋ ಸಾಮಾನ್ಯವಾಗಿ ಆ ಜಾಲರಿ ಇರುತ್ತದೆ. ಅವನ ಹಬ್ಬ ಆಗಸ್ಟ್ 10ಕ್ಕೆ. ಕಾರ್ಕಳದಲ್ಲಿ ಅದು ಆಟಿಯ ಮಳೆ ಬಿಡದೆ ಸುರಿಯುವ ಹೊತ್ತು. ಜನ ಸೇರುವ ಜಾತ್ರೆ, ಊರವರ ಬಾಯಲ್ಲಿ ಸಾಂತ್‌ಮಾರಿ, ನಡೆಯುವುದು ಗದ್ದೆ ಕೊಯ್ಲು ಮುಗಿದ ಈ ದಿನಗಳಲ್ಲಿ.

ಇಳಿಜಾರು ಮುಗಿದಲ್ಲಿ ಇಗರ್ಜಿ ಕಾಣಿಸುತ್ತದೆ. ಹಿಂದೆ ಪರ್ಪಲೆ ಗುಡ್ಡದ ಕಪ್ಪು ಗೆರೆ. ದೀಪದ ಸಾಲುಗಳಿಂದ ಬೆಳಗುತ್ತಿರುವ ಈ ಕಟ್ಟಡವನ್ನು ನೋಡುತ್ತಾ ಒಂದು ನಿಮಿಷ ನಿಲ್ಲಿ. ಕಾರ್ಕಳದ ಕ್ರೈಸ್ತರು ಕಟ್ಟಿದ ಮೊದಲ ಇಗರ್ಜಿ ಇದಲ್ಲ, ಎರಡನೆಯದೂ ಅಲ್ಲ. ಮೊದಲನೆಯದು ಈ ಜಾಗದಲ್ಲೂ ಇರಲಿಲ್ಲ. ಅದನ್ನು ನೋಡಬೇಕಾದರೆ ಕೆಲವು ಮೈಲಿ ನಡೆದು, 1759ಕ್ಕೆ ಹೋಗಬೇಕು.

ಕೆಳದಿಯ ರಾಣಿ ವೀರಮ್ಮಾಜಿಯ ಆಳ್ವಿಕೆ. ಕಾರ್ಕಳದ ಬಂಡೆಯ ಮೇಲೆ ಗೊಮ್ಮಟ ನಿಂತು ಆಗಲೇ 327 ವರ್ಷ. ಚತುರ್ಮುಖ ಬಸದಿಗೆ 173. ಹೊಸಬರೆಂದರೆ ಗೋವೆಯಿಂದ ಇಳಿದುಬಂದ ಕೊಂಕಣಿ ಕ್ರೈಸ್ತರು. ಸಾಸಷ್ಟಿ ಮತ್ತು ಬಾರ್ದೇಶದಿಂದ ಬರಗಾಲಕ್ಕೆ, ತೆರಿಗೆಗೆ, ಮರಾಠರ ದಂಡಿಗೆ, 1560ರಲ್ಲಿ ಶುರುವಾದ ಧರ್ಮವಿಚಾರಣೆಯ ಭಯಕ್ಕೆ, ತಲೆಮಾರಿನಿಂದ ತಲೆಮಾರಿಗೆ ಅವರು ದಕ್ಷಿಣಕ್ಕೆ ಸರಿದವರು. ಕೆಳದಿಯ ಅರಸರಿಗೆ ಕಾಡು ಕಡಿದು ಗದ್ದೆ ಮಾಡುವ ಕೈಗಳು ಬೇಕಿದ್ದವು. ಬಂದವರಿಗೆ ನೆಲ ಬೇಕಿತ್ತು. ಇದಕ್ಕೂ ಎಂಬತ್ತು ವರ್ಷ ಹಿಂದೆಯೇ, 1678ರಲ್ಲಿ, ಉಡುಪಿಯ ಪಕ್ಕದ ಕಲ್ಯಾಣಪುರದಲ್ಲಿ ಸುವರ್ಣಾ ನದಿಯ ದಂಡೆಗೆ ಮಿಲಾಗ್ರಿಸ್ ಇಗರ್ಜಿ ಎದ್ದಿತ್ತು. ಆಮೇಲೆ ಶ್ರೀಲಂಕೆಗೆ ಹೋಗಿ, 2015ರಲ್ಲಿ ಸಂತನೆನಿಸಿದ ಜೋಸೆಫ್ ವಾಜ್ 1681ರಿಂದ ಮೂರು ವರ್ಷ ಈ ಕೆನರಾ ಸೀಮೆಯಲ್ಲೇ ಊರೂರು ತಿರುಗಿ ಕೆಲಸ ಮಾಡಿದ್ದ. ಹಾಗೆ ಕರಾವಳಿಯಿಂದ ಒಳಕ್ಕೆ, ಗುಡ್ಡದ ಸೆರಗಿಗೆ ಬಂದು ನೆಲೆಸಿದವರು 1759ರಲ್ಲಿ ತಮಗೊಂದು ಇಗರ್ಜಿ ಮಾಡಿಕೊಂಡು ಅದನ್ನು ಸಂತ ಲಾರೆನ್ಸನ ಹೆಸರಿಗೆ ಒಪ್ಪಿಸಿದರು. ಹಗಲೆಲ್ಲ ಗದ್ದೆಯಲ್ಲಿ ದುಡಿದವರು ಸಂಜೆ ಆಂಜೆಲಸ್ ಗಂಟೆ ಕೇಳಿದರೆ ಅಲ್ಲೇ ನಿಂತು ಪ್ರಾರ್ಥನೆ ಹೇಳುವ ಕ್ರಮ. ಆ ಗಂಟೆ ಇಪ್ಪತ್ತೈದು ವರ್ಷ ಹೊಡೆಯಿತು.

ಈಗ 1784ರ ಫೆಬ್ರವರಿ. ವಿಭೂತಿ ಬುಧವಾರ, ತಪಸ್ಸು ಕಾಲದ ಮೊದಲ ದಿನ. ಮಾಂಸ ಬಿಟ್ಟು, ಒಪ್ಪೊತ್ತು ಉಂಡು, ಹಣೆಗೆ ಬೂದಿ ಹಚ್ಚಿಸಿಕೊಳ್ಳಲು ಜನ ಇಗರ್ಜಿಗೆ ಬರುವ ದಿನ. ಮಣ್ಣಿನವನು ನೀನು, ಮಣ್ಣಿಗೇ ಮರಳುತ್ತೀಯೆ ಎಂದು ಪಾದ್ರಿ ಒಬ್ಬೊಬ್ಬರಿಗೂ ಹೇಳುವ ಹೊತ್ತು. ಎರಡನೆಯ ಮೈಸೂರು ಯುದ್ಧ ಕೊನೆಯ ಘಟ್ಟದಲ್ಲಿದೆ. ಮಂಗಳೂರಿನ ಕೋಟೆ ಬ್ರಿಟಿಷರ ಕೈಬಿಟ್ಟು ಒಂದು ತಿಂಗಳೂ ಆಗಿಲ್ಲ. ಕೆನರಾದ ಕ್ರೈಸ್ತರು ಇಂಗ್ಲಿಷರಿಗೆ ಸಹಾಯ ಮಾಡಿದರೆಂಬ ಸಂಶಯ ಈಗ ಈ ಸೀಮೆಯನ್ನಾಳುವ ಟಿಪ್ಪು ಸುಲ್ತಾನನಿಗಿದೆ. ಅಪ್ಪಣೆ ಮೊದಲೇ ಗುಟ್ಟಾಗಿ ಹೊರಟಿದೆ. ಒಂದೇ ದಿನ, ಸೀಮೆಯ ಉದ್ದಕ್ಕೂ, ಸಿಪಾಯಿಗಳು ಕ್ರೈಸ್ತರ ಮನೆಗಳನ್ನು ಸುತ್ತುವರಿಯುತ್ತಾರೆ.

ನೀವು ಆ ಅಂಗಳದಲ್ಲಿ ನಿಂತಿದ್ದೀರಿ. ಹಣೆಯ ಮೇಲೆ ಬೂದಿ ಇನ್ನೂ ಆರಿಲ್ಲ. ಕಟ್ಟಿದ ದನವನ್ನು ಬಿಚ್ಚುವುದಕ್ಕೂ ಬಿಡುವುದಿಲ್ಲ. ಬಸುರಿ, ಬಾಣಂತಿ, ಮುದುಕರು, ಹಾಲುಹಸುಳೆ, ಎಲ್ಲರೂ ನಡೆಯಬೇಕು. ಘಟ್ಟ ಹತ್ತಬೇಕು. ದಾರಿ ಶ್ರೀರಂಗಪಟ್ಟಣಕ್ಕೆ, ಇನ್ನೂರು ಮೈಲಿಗೂ ಮೇಲೆ, ವಾರಗಟ್ಟಲೆ. ಹಿಡಿದವರ ಸಂಖ್ಯೆಯ ಬಗ್ಗೆ ಲೆಕ್ಕಗಳು ಒಂದಾಗುವುದಿಲ್ಲ. ಟಿಪ್ಪುವಿನ ಸೆರೆಯಲ್ಲಿದ್ದ ಇಂಗ್ಲಿಷ್ ಕೈದಿ ಜೇಮ್ಸ್ ಸ್ಕರಿ 30,000 ಎಂದ. ಟಿಪ್ಪುವಿನ ಆಸ್ಥಾನದ ಬರಹ 60,000 ಎನ್ನುತ್ತದೆ. ಹಸಿವಿಗೆ, ಬೇನೆಗೆ, ದಣಿವಿಗೆ ದಾರಿಯಲ್ಲೇ ಬಿದ್ದವರು ಬಹಳ. ಹಿಂದೆ ಉಳಿದದ್ದು ಖಾಲಿ ಮನೆ, ಖಾಲಿ ಗದ್ದೆ. ಕೆನರಾದಲ್ಲಿ 27 ಇಗರ್ಜಿಗಳನ್ನು ಕೆಡವಿದರೆಂದು ಚರಿತ್ರೆಕಾರರು ಪಟ್ಟಿ ಕೊಡುತ್ತಾರೆ. ಕಾರ್ಕಳದ ಸಂತ ಲಾರೆನ್ಸ್ ಇಗರ್ಜಿ ಆ ಪಟ್ಟಿಯಲ್ಲಿದೆ.

ಕಾರ್ಕಳದಿಂದ ನಾಲ್ಕು ಹರದಾರಿ ದೂರವಿಲ್ಲದ ಮೂಡುಬಿದಿರೆಯಲ್ಲಿ ಮಾತ್ರ ಬೇರೆಯೇ ಆಯಿತು. ಅಲ್ಲಿನ ಹೊಸಬೆಟ್ಟುವಿನ ಹೋಲಿ ಕ್ರಾಸ್ ಇಗರ್ಜಿಗೆ ಏನೂ ಆಗಲಿಲ್ಲ. ಊರನ್ನಾಳುತ್ತಿದ್ದ ಜೈನ ಅರಸ ಚೌಟ ಅದಕ್ಕೆ ಅಡ್ಡ ನಿಂತ. ಬೇರೆ ಧರ್ಮದ ಅರಸನೊಬ್ಬ ತನ್ನ ಊರಿನ ಇನ್ನೊಬ್ಬರ ಪ್ರಾರ್ಥನೆಯ ಮನೆಯನ್ನು ಉಳಿಸಿಕೊಟ್ಟ ಈ ಸಂಗತಿಯನ್ನು ನಮ್ಮ ಶಾಲೆಯ ಪುಸ್ತಕಗಳಲ್ಲಿ ದಪ್ಪಕ್ಷರದಲ್ಲಿ ಬರೆಯಬೇಕು. ಮಕ್ಕಳನ್ನು ಬಸದಿ ನೋಡಲು ಮೂಡುಬಿದಿರೆಗೆ ಕರೆದೊಯ್ಯುವ ಮೇಷ್ಟ್ರುಗಳು ಆ ಇಗರ್ಜಿಯ ಬಾಗಿಲಿಗೂ ಕರೆದೊಯ್ಯಬೇಕು.

1799ರ ಮೇ 4ಕ್ಕೆ ಶ್ರೀರಂಗಪಟ್ಟಣ ಬಿದ್ದಿತು. ಸೆರೆಗೆ ಹೋಗಿ ಹದಿನೈದು ವರ್ಷ. ಐದು ವರ್ಷದ ಮಗುವಾಗಿ ಘಟ್ಟ ಹತ್ತಿದವಳು ಇಪ್ಪತ್ತರ ಹೆಂಗಸಾಗಿ ಇಳಿಯುತ್ತಿದ್ದಾಳೆ. ತಾಯಿ ಹೇಳಿದ ಗುರುತು ಹಿಡಿದು ಊರು ಹುಡುಕಬೇಕು: ಗುಡ್ಡದ ಮೇಲೆ ಒಬ್ಬ ದೊಡ್ಡ ಬೆತ್ತಲೆ ದೇವರು ನಿಂತಿರುತ್ತಾನೆ, ಅಲ್ಲಿಂದ ಪಡುವಣಕ್ಕೆ ಇಳಿ. ಗೊಮ್ಮಟ ನಿಂತಲ್ಲೇ ಇದ್ದಾನೆ. ಮನೆ ಇಲ್ಲ. ಗದ್ದೆಯಲ್ಲಿ ಬೇರೆ ಯಾರದೋ ನೇಗಿಲು. ಕೆನರಾ ಈಗ ಕಂಪನಿ ಸರಕಾರದ್ದು, ಮೊದಲ ಕಲೆಕ್ಟರ್ ಥಾಮಸ್ ಮನ್ರೋ. ಹೋದ ಭೂಮಿ ಕೆಲವರಿಗೆ ಸಿಕ್ಕಿತು, ಹಲವರು ಗೇಣಿಗೆ ಕೂತರು.

ಹೀಗೆ ಬಂದವರು 1801ರಲ್ಲಿ ಕಟ್ಟಿದ್ದೇ ಎರಡನೆಯ ಇಗರ್ಜಿ. ಕಲ್ಲಿಗೆ, ಸುಣ್ಣಕ್ಕೆ ಅವರ ಬಳಿ ಹಣವಿಲ್ಲ. ಗೋಡೆ ಮಣ್ಣಿನದು, ಮಾಡು ಹುಲ್ಲಿನದು. ಕರಾವಳಿಯಲ್ಲಿ ಮಣ್ಣಿನ ಗೋಡೆ ಎಬ್ಬಿಸುವ ರೀತಿ ಇಂದಿಗೂ ಹಿರಿಯರಿಗೆ ಗೊತ್ತು: ಕೆಂಪು ಮಣ್ಣನ್ನು ನೀರು ಹಾಕಿ ಕಾಲಲ್ಲಿ ತುಳಿದು ಹದ ಮಾಡಿ, ಮುದ್ದೆ ಮುದ್ದೆಯಾಗಿ ಒಂದು ಮೊಳ ಏರಿಸಿ, ಒಣಗಲು ಬಿಟ್ಟು, ಮತ್ತೆ ಒಂದು ಮೊಳ. ಮೇಲೆ ಬಿದಿರಿನ ಅಡ್ಡ, ಅದರ ಮೇಲೆ ಗುಡ್ಡದಿಂದ ಕೊಯ್ದು ತಂದ ಮುಳಿಹುಲ್ಲು. ಪ್ರತಿ ವರ್ಷ ಮಳೆಗೆ ಮುಂಚೆ ಹುಲ್ಲು ಬದಲಾಯಿಸಬೇಕು, ಇಲ್ಲವಾದರೆ ಜೂನಿನ ಮಳೆ ಪೀಠದ ಮೇಲೆಯೇ ಸುರಿಯುತ್ತದೆ. ಆ ಸೂರಿನ ಕೆಳಗೆ ಬಗ್ಗಿ ಒಳಗೆ ಹೋಗಿ ನೋಡಿ. ಹಸಿ ಮಣ್ಣಿನ ವಾಸನೆ, ಸಗಣಿ ಸಾರಿಸಿದ ನೆಲ, ಮೊಣಕಾಲೂರಿದ ಜನ. ಎಲ್ಲವನ್ನೂ ಕಳೆದುಕೊಂಡು ಬಂದವರು ಮೊದಲು ಮಾಡಿದ ಕೆಲಸಗಳಲ್ಲಿ ಇದೊಂದು. ಈ ಕ್ಷೇತ್ರದ ಎಲ್ಲ ಕಟ್ಟಡಗಳಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವುದು, ಒಂದು ಗೋಡೆಯೂ ಉಳಿಯದ ಆ ಮಣ್ಣಿನ ಮನೆ.

ಮೂವತ್ತೆಂಟು ಮಳೆಗಾಲ ಕಳೆಯಿತು. 1839. ಮಣ್ಣಿನ ಇಗರ್ಜಿ ಸಾಲದಾಗಿದೆ, ಹೊಸ ಜಾಗ ಬೇಕು. ಊರಿನವರು ಅಜ್ಜಂದಿರಿಂದ ಕೇಳಿ ಹೇಳುವ ಕತೆ ಹೀಗಿದೆ, ನೀವೂ ಅವರೊಡನೆ ಹೆಜ್ಜೆ ಹಾಕಿ.

ಗೋವೆಯಿಂದ ಬಂದ ಪಾದ್ರಿಯೊಬ್ಬರು ಮುಂದೆ. ಅವರ ಕೈಯಲ್ಲಿ ಮರದಲ್ಲಿ ಕೆತ್ತಿದ, ಒಂದಡಿ ಎತ್ತರದ ಸಂತ ಲಾರೆನ್ಸನ ಮೂರ್ತಿ. ಹಿಂದೆ ಊರ ಜನ. ಜಾಗವನ್ನು ಸಂತನೇ ತೋರಿಸಲಿ ಎಂದು ಪ್ರಾರ್ಥನೆ ಹೇಳುತ್ತಾ ಕಾಡಿನ ಕಾಲುದಾರಿಯಲ್ಲಿ ನಡೆಯುತ್ತಾರೆ. ಪರ್ಪಲೆ ಗುಡ್ಡ ಇಳಿಯುವಾಗ ಎಲ್ಲರಿಗೂ ಬಾಯಾರಿಕೆ. ಬುಡದಲ್ಲಿ ಕಲ್ಲಿನ ಸಂದಿಯಿಂದ ನೀರಿನ ಒರತೆ ಉಕ್ಕುತ್ತಿದೆ. ಮೂರ್ತಿಯನ್ನು ನೆಲಕ್ಕಿಟ್ಟು, ಬೊಗಸೆಯಲ್ಲಿ ನೀರು ಕುಡಿದು, ಮುಖ ತೊಳೆದು, ಹೊರಡೋಣವೆಂದು ಎತ್ತಿದರೆ ಮೂರ್ತಿ ಏಳುವುದಿಲ್ಲ. ಒಬ್ಬರಲ್ಲ ಇಬ್ಬರಲ್ಲ, ಎಲ್ಲರೂ ಪ್ರಯತ್ನಿಸುತ್ತಾರೆ. ಕೊನೆಗೆ ಪಾದ್ರಿ ಮೊಣಕಾಲೂರಿ, ಇಲ್ಲೇ ನಿನಗೆ ಮನೆ ಕಟ್ಟುತ್ತೇವೆ ಎಂದು ಮಾತು ಕೊಡುತ್ತಾರೆ. ಆಗ ಮೂರ್ತಿ ಹಗುರಾಗಿ ಕೈಗೆ ಬರುತ್ತದೆ.

ಕರಾವಳಿಯಲ್ಲಿ ಹುಟ್ಟಿದವರಿಗೆ ಈ ಕತೆಯ ಜಾಡು ಹೊಸದಲ್ಲ. ಉಡುಪಿಯ ಕೃಷ್ಣ ಗೋಪೀಚಂದನದ ಗಟ್ಟಿಯಲ್ಲಿ ಮಲ್ಪೆಯ ಕಡಲಿಗೆ ಬಂದ. ಎಷ್ಟೋ ದೈವಗಳು ಮುಂದೆ ಹೋಗಲೊಲ್ಲದೆ ನಿಂತಲ್ಲೇ ಗುಡಿ ಕಟ್ಟಿಸಿಕೊಂಡವು. ಜಾಗ ಆರಿಸುವುದು ಮನುಷ್ಯನ ಕೆಲಸವಲ್ಲ ಎಂದು ತುಳುನಾಡು ಮೊದಲಿನಿಂದ ನಂಬಿದೆ. ರೋಮಿನ ಸಂತನೂ ಈ ನೆಲಕ್ಕೆ ಬಂದ ಮೇಲೆ ಈ ನೆಲದ ರೀತಿಯಲ್ಲೇ ನಡೆದುಕೊಂಡ. ಅವನ ಜಾತ್ರೆಗೆ ಎಲ್ಲ ಜಾತಿ ಮತದವರೂ ಯಾಕೆ ಬರುತ್ತಾರೆ ಎಂದು ಕೇಳುವವರಿಗೆ ಅರ್ಧ ಉತ್ತರ ಇಲ್ಲೇ ಇದೆ.

ಒರತೆ ಇಂದು ಕಟ್ಟೆ ಕಟ್ಟಿದ ಪುಷ್ಕರಿಣಿ. ಮೆಟ್ಟಿಲಿಳಿದು ನೋಡಿ. ಜನ ಬಗ್ಗಿ ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾರೆ, ಕೆಲವರು ಬಾಟಲಿಗೆ ತುಂಬಿಸಿಕೊಳ್ಳುತ್ತಾರೆ. ಮಲ್ಲಿಗೆ ತಂದ ಅಮ್ಮ ಮೊಮ್ಮಗುವಿನ ನೆತ್ತಿಗೆ ನಾಲ್ಕು ಹನಿ ಹಾಕುತ್ತಾರೆ. ಮಗು ಬೆಚ್ಚಿ ಎದ್ದು ಅಳುತ್ತದೆ.

ನೀರಿನ ಪಕ್ಕದಲ್ಲಿ ಹೀಗೆ ಎದ್ದ ಇಗರ್ಜಿಯ ಕಾಲಕ್ಕೆ ಈಗ ನಾವು ಮಂಗಳೂರು ಹೆಂಚು ಎನ್ನುವ ಯಂತ್ರದ ಹೆಂಚು ಹುಟ್ಟಿರಲೇ ಇಲ್ಲ. ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದದ್ದು 1865ರಲ್ಲಿ. ಅಲ್ಲಿಯವರೆಗೆ ಕುಂಬಾರರ ಕೈಹೆಂಚು, ಇಲ್ಲವೇ ಮುಳಿಹುಲ್ಲು. ಮಾಡಿನ ಇಳಿಜಾರು, ಗೋಡೆಯ ದಪ್ಪ, ಹಜಾರದ ಅಗಲ, ಕರಾವಳಿಯ ಇಗರ್ಜಿಗಳಲ್ಲಿ ಇವೆಲ್ಲ ಬದಲಾದದ್ದು ಆ ಹೆಂಚು ಬಂದ ಮೇಲೆ.

1900ರ ಹೊತ್ತಿಗೆ ಮತ್ತೊಂದು ಇಗರ್ಜಿ. ಈಗ ದಿನಗಳು ಬೇರೆ. 1878ರ ಕೊನೆಯ ದಿನ ಇಟಲಿಯ ಜೆಸ್ವಿತರು ಮಂಗಳೂರಿಗೆ ಬಂದಿಳಿದಿದ್ದಾರೆ, ಅಲ್ಲಿಂದ ಒಂದು ದಶಕದೊಳಗೆ ಮಂಗಳೂರು ಧರ್ಮಪ್ರಾಂತ್ಯವಾಗಿದೆ. ಮಂಗಳೂರಿನಲ್ಲಿ ಸಹೋದರ ಮೊಸ್ಕೇನಿ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ಲಿನ ಗೋಡೆ ಮಾಡುಗಳಿಗೆ ಬಣ್ಣದ ಕತೆಗಳನ್ನು ಬರೆಯುತ್ತಿದ್ದ ವರ್ಷಗಳೇ ಇವು. ಇಲ್ಲಿ ಹಾಗೆ ಯುರೋಪಿನ ಚಿತ್ರಗಾರನಿಲ್ಲ. ಗುಡ್ಡದ ಮಗ್ಗುಲಲ್ಲಿ ಕೊಡಲಿಯಂಥ ಉಳಿಯಿಂದ ಮುರಕಲ್ಲು ಕಡಿಯುವವರು, ಚಿಪ್ಪು ಸುಟ್ಟು ಸುಣ್ಣ ಮಾಡುವವರು, ಮರದ ಆಚಾರಿಗಳು, ಕಲ್ಲು ಹೊರುವ ಹೆಂಗಸರು. ಕರಾವಳಿಯ ಇಗರ್ಜಿಗಳನ್ನು ನಿಲ್ಲಿಸಿದ್ದು ಈ ಕೈಗಳು. ಅವರಲ್ಲಿ ಎಲ್ಲರೂ ಕ್ರೈಸ್ತರಲ್ಲ. ಕಟ್ಟಿಸಿದವರ ಹೆಸರು ಕಲ್ಲಿನ ಮೇಲೆ ಬರುತ್ತದೆ, ಕಟ್ಟಿದವರ ಹೆಸರು ಎಲ್ಲಿಯೂ ಬರುವುದಿಲ್ಲ. ಈ ಅನ್ಯಾಯ ನಮ್ಮ ದೇವಸ್ಥಾನ, ಬಸದಿ, ಮಸೀದಿಗಳದ್ದೂ ಹೌದು.

ಆಮೇಲಿನದು ಬೇಗ ಹೇಳಿ ಮುಗಿಸಬಹುದು. ಹಳ್ಳಿಯ ಇಗರ್ಜಿ ಹೋಗಿ ಪುಣ್ಯಕ್ಷೇತ್ರವಾಯಿತು. 1997ರಲ್ಲಿ ಉಡುಪಿ ಜಿಲ್ಲೆ, 2012ರಲ್ಲಿ ಉಡುಪಿ ಧರ್ಮಪ್ರಾಂತ್ಯ ಬೇರೆಯಾದವು. ಕಲ್ಯಾಣಪುರದ ಮಿಲಾಗ್ರಿಸ್ ಪ್ರಧಾನ ದೇವಾಲಯವಾಯಿತು, ಜೆರಾಲ್ಡ್ ಐಸಾಕ್ ಲೋಬೊ ಮೊದಲ ಬಿಷಪ್. 2016ರ ಏಪ್ರಿಲ್ 26ರಂದು ಪೋಪ್ ಫ್ರಾನ್ಸಿಸ್ ಅತ್ತೂರನ್ನು ಮೈನರ್ ಬಸಿಲಿಕಾ ಎಂದು ಸಾರಿದರು. ಮಳೆಯ ದಿನಗಳಲ್ಲಿ, ಆಗಸ್ಟ್ 1ರಂದು, ಅದರ ಸಮಾರಂಭ ನಡೆಯಿತು. ಕರ್ನಾಟಕದಲ್ಲಿ ಬೆಂಗಳೂರು ಶಿವಾಜಿನಗರದ ಸಂತ ಮರಿಯ ಬಸಿಲಿಕಾ ಬಿಟ್ಟರೆ ಈ ಗೌರವ ಪಡೆದ ಎರಡನೆಯದು ಇದು. ಬಸಿಲಿಕಾ ಆದಲ್ಲಿ ಕೆಂಪು ಹಳದಿ ಪಟ್ಟೆಯ, ಅರ್ಧ ಬಿಚ್ಚಿದ ರೇಷ್ಮೆ ಕೊಡೆ ಮತ್ತು ಕೋಲಿಗೆ ಕಟ್ಟಿದ ಪುಟ್ಟ ಗಂಟೆ ಇಡುತ್ತಾರೆ. ಪೋಪ್ ಬಂದರೆ ಅವರನ್ನು ಎದುರುಗೊಳ್ಳಲು ಈ ಮನೆ ಸದಾ ಸಿದ್ಧ ಎಂಬುದರ ಗುರುತು ಅವು.

ಸಾಲು ಮುಂದೆ ಸರಿಯುತ್ತದೆ. ಒಳಗೆ ಒಂದು ಬಲಿಪೂಜೆ ಮುಗಿದು ಇನ್ನೊಂದು ಶುರುವಾಗುವ ಹೊತ್ತು, ಕೊಂಕಣಿಯದಾದ ಮೇಲೆ ಕನ್ನಡದ್ದು. ಮೂರ್ತಿಯ ಹತ್ತಿರ ಹೋದಂತೆ ಮೇಣದ ಕಾವು ಮುಖಕ್ಕೆ ಹೊಡೆಯುತ್ತದೆ. ಇಷ್ಟು ಜನ, ಇಷ್ಟು ಬೆಳಕು, ಇಷ್ಟು ಸದ್ದಿನ ನಡುವೆ ಪವಾಡಮೂರ್ತಿ ನಿಜಕ್ಕೂ ಚಿಕ್ಕದು, ಒಬ್ಬರು ತೋಳಲ್ಲಿ ಎತ್ತಿಕೊಂಡು ಹೋಗಬಹುದಾದಷ್ಟು. ಅಜ್ಜಿ ಕೊಂಕಣಿಯಲ್ಲಿ ಏನೋ ಪಿಸುಗುಟ್ಟುತ್ತಾರೆ. ತುಳು ಅಮ್ಮ ಮಲ್ಲಿಗೆ ಒಪ್ಪಿಸಿ ಕೈ ಮುಗಿದು, ಮಗುವಿನ ಕೈಗಳನ್ನೂ ಜೋಡಿಸುತ್ತಾರೆ. ಪಕ್ಕದಲ್ಲಿ ಟೊಪ್ಪಿ ಹಾಕಿದ ಯುವಕನೊಬ್ಬ ತನ್ನ ಬತ್ತಿಯನ್ನು ಇನ್ನೊಬ್ಬರ ಉರಿಯುವ ಬತ್ತಿಯಿಂದ ಹಚ್ಚಿಕೊಳ್ಳುತ್ತಾನೆ. ಯಾರೂ ಯಾರನ್ನೂ ನೀವು ಯಾವ ಪೈಕಿ ಎಂದು ಕೇಳುವುದಿಲ್ಲ. ಇದು ತೋರಿಕೆಯ ಸೌಹಾರ್ದವಲ್ಲ, ಇದಕ್ಕೆ ಯಾರೂ ಬ್ಯಾನರ್ ಕಟ್ಟಿಲ್ಲ. ಕಷ್ಟ ಬಂದಾಗ ಹೇಳಿಕೊಳ್ಳಲು ಒಂದು ಜಾಗವಿದೆ, ಅಲ್ಲಿ ಹೇಳಿಕೊಂಡರೆ ಕೇಳುತ್ತಾನೆ ಎಂಬ ನಂಬಿಕೆ ಇದೆ, ಅಷ್ಟೇ. 1784ರಲ್ಲಿ ಕಾರ್ಕಳದ ಕ್ರೈಸ್ತರಿಗೆ ಇಲ್ಲದಿದ್ದ ರಕ್ಷಣೆ ಈ ಸಾಲಿನಲ್ಲಿದೆ. ಇಂದು ಈ ಇಗರ್ಜಿಗೆ ಯಾರಾದರೂ ಕೈ ಎತ್ತಿದರೆ ಮೊದಲು ಎದ್ದು ನಿಲ್ಲುವವರಲ್ಲಿ ಹಣೆಗೆ ಕುಂಕುಮವಿಟ್ಟ ಅಮ್ಮಂದಿರೂ ಇರುತ್ತಾರೆ ಎಂದು ನಾನು ದೃಢವಾಗಿ ನಂಬಿದ್ದೇನೆ.

ಉಡುಪಿ, ಕಾಪು, ಕಾರ್ಕಳ ತಾಲೂಕುಗಳ ಇಗರ್ಜಿಗಳಿಗೆ ಸೇರಿದ ಓದುಗರಲ್ಲಿ ಒಂದು ಮಾತು. ನಮ್ಮ ಕಡೆ ಹಳೆಯ ಮುರಕಲ್ಲಿನ ಇಗರ್ಜಿಗಳು ಸಾಲದಾಗಿ, ಸೋರಿ, ಕಾಂಕ್ರೀಟಿಗೆ ಜಾಗ ಬಿಡುತ್ತಿವೆ. ಕಟ್ಟಲೇಬೇಕಾದಲ್ಲಿ ಕಟ್ಟಿ, ಜನ ಹೆಚ್ಚಿದಾಗ ಅದು ಅನಿವಾರ್ಯ. ಕೆಡವುವ ಮುಂಚೆ ಮಾತ್ರ ಗೋಡೆಯ ಅಳತೆ ತೆಗೆದುಕೊಳ್ಳಿ, ಎಲ್ಲ ಕಡೆಯಿಂದ ಫೋಟೊ ತೆಗೆಸಿ, ಬಾಗಿಲು ಪೀಠಗಳನ್ನು ಗುಜರಿಗೆ ಹಾಕಬೇಡಿ. ದೀಕ್ಷಾಸ್ನಾನದ ಹಳೆಯ ರಿಜಿಸ್ಟರುಗಳಿಗೆ ಗೆದ್ದಲು ಹಿಡಿಯುವ ಮೊದಲು ಸ್ಕ್ಯಾನ್ ಮಾಡಿಸಿ. ನಿಮ್ಮ ವಾಳೆಯ ಗುರ್ಕಾರರನ್ನು ಕರೆದುಕೊಂಡು ಎಂಬತ್ತು ದಾಟಿದವರ ಮನೆಗೆ ಹೋಗಿ, ಹಳೆಯ ಇಗರ್ಜಿಗೆ ಕಲ್ಲು ಹೊತ್ತವರು ಯಾರು, ಸುಣ್ಣ ಎಲ್ಲಿಂದ ಬಂತು, ಮರ ಯಾರ ಕಾಡಿನದು ಎಂದು ಕೇಳಿ, ಹೆಸರು ಸಮೇತ ಬರೆದಿಡಿ. ಈ ವರ್ಷವೇ ಮಾಡಿ.